ಮನೆಯವರು, ಗೆಳೆಯರನ್ನೇ ಸೇರಿಸಿಕೊಂಡು ಮೂರು ಲಕ್ಷದಲ್ಲಿ ಪೂರ್ತಿ ಸಿನಿಮಾ: ಗೊತ್ತಿರುವವರು ಹೇಳಿ

ತಿಪಟೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ, ಊರು ತಿಪಟೂರಿನ ಹತ್ತಿರ ಒಂದು ಹಳ್ಳಿ. ನಾವು ದಾಯಾದಿ ಅಣ್ಣತಮ್ಮಂದಿರು ಮತ್ತು ಇಬ್ಬರು ಕಾಲೇಜು ಗೆಳೆಯರು ಸೇರಿ ಒಂದು ಸಿನಿಮಾ ಮಾಡಲು ಹೊರಟಿದ್ದೇವೆ. ಶಾರ್ಟ್ ಫಿಲ್ಮ್ ಅಲ್ಲ, ಎಂಬತ್ತು ತೊಂಬತ್ತು ನಿಮಿಷದ ಪೂರ್ತಿ ಸಿನಿಮಾ. ಎಲ್ಲರೂ ಕೈಯಿಂದ ಹಾಕಿದರೆ ಮೂರು ಲಕ್ಷ ಆಗುತ್ತದೆ. ಅದರ ಮೇಲೆ ಒಂದು ರೂಪಾಯಿ ಸಾಲ ಮಾಡುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇವೆ.

ಕತೆ ನಮ್ಮ ಕಡೆಯದೇ. ಅಟ್ಟದ ತುಂಬ ಕಾಯಿ ಇದೆ. ವರ್ಷ ತುಂಬುತ್ತಾ ಬಂದಿದೆ, ಒಳಗೆಲ್ಲ ಉಂಡೆ ಕೊಬ್ಬರಿ ಆಗಿದೆ. ರೇಟು ಏರಲಿ, ಈಗ ಸುಲಿಸುವುದು ಬೇಡ ಅನ್ನುತ್ತಾನೆ ಅಣ್ಣ. ತಮ್ಮನಿಗೆ ಮಗಳ ಕಾಲೇಜು ಫೀಸು ಕಟ್ಟಬೇಕು, ಕೊನೆ ದಿನ ಹತ್ತಿರ ಬಂದಿದೆ. ಮನೆ ಒಂದು, ಅಟ್ಟ ಒಂದು, ಮಧ್ಯೆ ಅವರ ತಾಯಿ. ಅಷ್ಟೇ ಕತೆ. ಅಣ್ಣನ ಪಾತ್ರ ನಮ್ಮ ದೊಡ್ಡಪ್ಪ ಮಾಡುತ್ತಾರೆ, ತಮ್ಮನ ಪಾತ್ರ ಚಿಕ್ಕಪ್ಪ, ತಾಯಿ ನಮ್ಮ ಅಜ್ಜಿ. ಚಿಕ್ಕಮ್ಮನೂ ಇದ್ದಾರೆ. ಮಗಳ ಪಾತ್ರಕ್ಕೆ ನನ್ನ ತಂಗಿ. ಮನೆ, ತೋಟ, ಅಟ್ಟ ಎಲ್ಲ ಸ್ವಂತದ್ದೇ.

ಕೇಳಬೇಕಾದ್ದು ಏನೆಂದರೆ, ಕ್ಯಾಮೆರಾ ಬಾಡಿಗೆಗೆ ತರಬೇಕಾ, ಇರುವ ಫೋನಲ್ಲೇ ತೆಗೆಯಬಹುದಾ? ಯಾವತ್ತೂ ನಟಿಸದವರ ಹತ್ತಿರ ನಟನೆ ಮಾಡಿಸುವುದು ಹೇಗೆ? ಹಣದ ವಿಷಯದಲ್ಲಿ ಮನೆಯವರ ನಡುವೆ ಏನಾದರೂ ಬರೆದಿಟ್ಟುಕೊಳ್ಳಬೇಕಾ? ಆಮೇಲೆ ಸಿನಿಮಾ ಎಲ್ಲಿ ತೋರಿಸುವುದು?

ಹಾಸನದ ಸಿನಿಪ್ರೇಮಿ

ಕತೆ ತುಂಬಾ ಚೆನ್ನಾಗಿದೆ. ಆದರೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಹದಿನೈದು ನಿಮಿಷದ್ದು ಒಂದು ಮಾಡಿ. ಮೂರು ಲಕ್ಷದಲ್ಲಿ ತೊಂಬತ್ತು ನಿಮಿಷ ಅಂದರೆ ಎಲ್ಲದರಲ್ಲೂ ಅರ್ಧಂಬರ್ಧ ಆಗುತ್ತದೆ. ‘ಪೆಡ್ರೊ’ ಸಿನಿಮಾ ನಿರ್ದೇಶಿಸಿದ ನಟೇಶ್ ಹೆಗಡೆ ಕೂಡ ಅದಕ್ಕೆ ಮುಂಚೆ ಶಾರ್ಟ್ ಫಿಲ್ಮ್ ಮಾಡಿದವರೇ. ಎರಡು ಭಾನುವಾರದಲ್ಲಿ ಅಟ್ಟದ ಒಂದೇ ಸೀನು ತೆಗೆದು, ಎಡಿಟ್ ಮಾಡಿ, ದೊಡ್ಡ ಟಿವಿಯಲ್ಲಿ ಮನೆಯವರಿಗೆಲ್ಲ ತೋರಿಸಿ. ಯಾರಿಗೆ ನಿಜವಾಗಿಯೂ ಆಸಕ್ತಿ ಇದೆ, ಯಾರು ಸುಮ್ನೆ ನಿಮ್ಮ ಮಾತಿಗೆ ಹೂಂ ಅಂದಿದ್ದಾರೆ ಅನ್ನುವುದು ಅವತ್ತೇ ಗೊತ್ತಾಗುತ್ತದೆ.

ರಂಗದ ಮನೆ

ಮೈಸೂರಿನಿಂದ. ಹವ್ಯಾಸಿ ನಾಟಕ ಮಾಡಿಸುತ್ತೇನೆ, ಹಳ್ಳಿ ಶಾಲೆಗಳಲ್ಲೂ ಶಿಬಿರ ಮಾಡಿಸಿದ್ದೇನೆ. ಒಂದು ಸೀನು ಮೊದಲು ತೆಗೆದು ನೋಡಿ ಅನ್ನುವ ಮಾತನ್ನು ಒಪ್ಪುತ್ತೇನೆ. ಆದರೆ ಪೂರ್ತಿ ಸಿನಿಮಾದ ಆಸೆ ಬಿಡಬೇಡಿ ತಮ್ಮಾ. ನಿಮ್ಮ ಹತ್ತಿರ ಬೇರೆಯವರು ದುಡ್ಡು ಕೊಟ್ಟರೂ ಸಿಗದ್ದು ಇದೆ: ಆ ಮನೆಯಲ್ಲೇ ಹುಟ್ಟಿ ಬೆಳೆದ ಮುಖಗಳು, ಆ ಅಟ್ಟ ಹತ್ತಿ ಇಳಿದು ರೂಢಿಯಾದ ಕಾಲುಗಳು.

‘ತಿಥಿ’ ಸಿನಿಮಾದಲ್ಲಿ ಮಾಡಿದ್ದು ಇದನ್ನೇ. ಬರೆದ ಈರೇಗೌಡರ ಊರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ಪಾತ್ರ ಮಾಡಿದವರು ಅಲ್ಲಿನ ಮತ್ತು ಸುತ್ತಲಿನ ಜನ, ಯಾರೂ ವೃತ್ತಿ ನಟರಲ್ಲ. ಜನರನ್ನು ನೋಡಿಕೊಂಡು ಪಾತ್ರ ಬರೆದದ್ದರಿಂದಲೇ ಅದು ಹಾಗೆ ಬಂತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಒಂದು ಗೋಲ್ಡನ್ ಲೆಪರ್ಡ್ ಸೇರಿ ಎರಡು ಪ್ರಶಸ್ತಿ ತಂದುಕೊಂಡಿತು. ಮೇಲಿನವರು ‘ಪೆಡ್ರೊ’ ಹೆಸರು ತೆಗೆದರಲ್ಲ, ಅದರ ಮುಖ್ಯ ಪಾತ್ರ ಮಾಡಿದ್ದು ನಿರ್ದೇಶಕರ ತಂದೆಯೇ. ಆ ಸಿನಿಮಾ 2021ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ಮರುವರ್ಷ ‘ಶಿವಮ್ಮ’ ಅನ್ನುವ ಕನ್ನಡ ಸಿನಿಮಾ ಅದೇ ಬೂಸಾನಿನಲ್ಲಿ ಹೊಸ ನಿರ್ದೇಶಕರ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಅದೂ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಅಲ್ಲಿನ ಜನರನ್ನೇ ಇಟ್ಟುಕೊಂಡು ತೆಗೆದದ್ದು.

ಈಗ ಕೆಲಸದ ಮಾತು. ದೊಡ್ಡಪ್ಪನಿಗೆ ಡೈಲಾಗ್ ಬರೆದ ಹಾಳೆ ಕೊಡಬೇಡಿ. ಕೊಟ್ಟರೆ ಅವರು ಅದನ್ನು ಬಾಯಿಪಾಠ ಮಾಡುತ್ತಾರೆ, ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ ಹೇಳುತ್ತಾರೆ. ಅದರ ಬದಲು ಕೈಗೊಂದು ಕೆಲಸ ಕೊಡಿ. ಮನೆ ಅಡುಗೆಗೆ ಬೇಕಾದ ನಾಲ್ಕು ಕಾಯಿ ಸುಲಿಯುತ್ತಾ ಕೂರಲಿ. ಚಿಕ್ಕಪ್ಪ ಬಂದು ಎದುರು ನಿಲ್ಲಲಿ. ದೊಡ್ಡಪ್ಪನಿಗೆ ಹೇಳಬೇಕಾದ್ದು ಒಂದೇ ಮಾತು: ‘ಅವನು ದುಡ್ಡು ಕೇಳುತ್ತಾನೆ, ನೀವು ಇಲ್ಲ ಅನ್ನಬೇಕು, ಆದರೆ ಇಲ್ಲ ಅನ್ನುವ ಪದ ಬಾಯಲ್ಲಿ ಬರಬಾರದು.’ ಆಮೇಲೆ ನೋಡಿ. ತಮ್ಮನ ಮುಖ ನೋಡದೆ ಇನ್ನೊಂದು ಕಾಯಿ ಎತ್ತಿಕೊಳ್ಳುತ್ತಾರೆ. ‘ಮಳೆ ಬರೋ ಹಂಗೈತೆ’ ಅನ್ನುತ್ತಾರೆ. ಅಂಥ ಮಾತನ್ನು ನೀವು ಬೆಂಗಳೂರಲ್ಲಿ ಕೂತು ಬರೆಯಲು ಆಗುವುದಿಲ್ಲ.

ಎದುರಿಗಿರುವ ಒಬ್ಬರಿಗಾದರೂ ಸೀನು ಎಲ್ಲಿಗೆ ಹೋಗಬೇಕು ಅನ್ನುವುದು ಪೂರ್ತಿ ಗೊತ್ತಿರಬೇಕು. ಮಾತು ದಾರಿ ತಪ್ಪಿದರೆ ಅವರೇ ಎಳೆದು ತರಬೇಕು. ನಿಮ್ಮ ಮನೆಯಲ್ಲಿ ಆ ಕೆಲಸ ತಂಗಿಗೋ ಚಿಕ್ಕಮ್ಮನಿಗೋ ಒಗ್ಗಬಹುದು. ಜಾಸ್ತಿ ಟೇಕ್ ಬೇಡ. ಅಭ್ಯಾಸ ಇಲ್ಲದವರಿಗೆ ಮೊದಲ ಎರಡು ಮೂರರಲ್ಲಿ ಇರುವ ಜೀವ ಆಮೇಲೆ ಇರುವುದಿಲ್ಲ. ತೆಗೆದದ್ದನ್ನು ಅವರಿಗೆ ಆಗಲೇ ತೋರಿಸಲೂ ಬೇಡಿ, ತಲೆಗೂದಲು, ಹೊಟ್ಟೆ, ಬಣ್ಣ ಅಂತ ಶುರುವಾಗುತ್ತದೆ. ಶೂಟಿಂಗಿಗೆ ಒಂದು ವಾರ ಮುಂಚೆಯೇ ಮನೆಯಲ್ಲಿ ಒಂದು ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟುಬಿಡಿ. ರೆಕಾರ್ಡ್ ಮಾಡಬೇಡಿ, ಸುಮ್ನೆ ಇರಲಿ. ಅದು ಅವರಿಗೆ ಮನೆಯ ಸಾಮಾನಾಗಿಬಿಡಬೇಕು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮನೆಯಲ್ಲಿ ನಿಜವಾಗಿ ನಡೆದ ಆಸ್ತಿ ಜಗಳ ಇದ್ದರೆ, ಕಣ್ಣೀರು ಬರಲಿ ಅಂತ ಅದನ್ನು ಕೆದಕಬೇಡಿ. ಸಿನಿಮಾ ಮುಗಿದ ಮೇಲೂ ಅವರು ಅದೇ ಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕೂರಬೇಕು.

ಬೂಮ್ ಹಿಡಿಯುವವನು

ಕ್ಯಾಮೆರಾ ಪ್ರಶ್ನೆಗೆ ಆಮೇಲೆ ಯಾರಾದರೂ ಉತ್ತರ ಕೊಡುತ್ತಾರೆ. ನಾನು ಸೌಂಡ್ ಕೆಲಸದವನು, ಅದನ್ನೇ ಹೇಳುತ್ತೇನೆ. ಚಿತ್ರ ಸ್ವಲ್ಪ ಮಬ್ಬಾದರೆ ಜನ ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಬಾಡಿಗೆ ದುಡ್ಡಲ್ಲಿ ದೊಡ್ಡ ಪಾಲು ಸೌಂಡಿಗೆ ಇಡಿ.

ನಿಮ್ಮ ಊರಲ್ಲಿ ಮೊದಲು ಗೊತ್ತು ಮಾಡಿಕೊಳ್ಳಬೇಕಾದ್ದು ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆ ಅನ್ನುವುದು. ಅದು ಬಂದ ತಕ್ಷಣ ಸುತ್ತಲಿನ ತೋಟದ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ಕಿವಿಗೆ ಅಭ್ಯಾಸವಾಗಿರುವುದರಿಂದ ಊರವರಿಗೆ ಅದು ಕೇಳಿಸುವುದೇ ಇಲ್ಲ. ಮೈಕಿಗೆ ಪೂರ್ತಿ ಕೇಳಿಸುತ್ತದೆ. ಒಂದು ಮಾತನ್ನು ಮೋಟರು ಓಡುವಾಗ, ಮುಂದಿನ ಮಾತನ್ನು ಅದು ನಿಂತ ಮೇಲೆ ತೆಗೆದಿದ್ದರೆ ಎಡಿಟಿಂಗಿನಲ್ಲಿ ಎರಡನ್ನೂ ಕೂಡಿಸಲು ಬರುವುದಿಲ್ಲ, ಕಟ್ ಆದ ಕಡೆಯೆಲ್ಲ ಗುಂಯ್ ಅನ್ನುವುದು ಹತ್ತಿ ಆರುತ್ತದೆ. ತ್ರೀ ಫೇಸ್ ಹೊತ್ತಲ್ಲಿ ಮಾತಿಲ್ಲದ ಶಾಟ್ ಇಟ್ಟುಕೊಳ್ಳಿ: ತೋಟದಲ್ಲಿ ನಡೆಯುವುದು, ಬಸ್ಸು ಹತ್ತುವುದು, ದೂರದಿಂದ ಮನೆ ಕಾಣುವುದು.

ಮನೆಯೊಳಗೆ ಫ್ರಿಜ್ ಆಫ್ ಮಾಡಿ. ಮತ್ತೆ ಹಾಕುವುದು ಮರೆಯದ ಹಾಗೆ ಬೈಕಿನ ಕೀ ಅದರೊಳಗೇ ಇಡಿ, ಮನೆಗೆ ಹೊರಡುವಾಗ ನೆನಪಾಗಲೇಬೇಕು. ಫ್ಯಾನು, ಯುಪಿಎಸ್ಸು, ಗೋಡೆ ಗಡಿಯಾರ ಎಲ್ಲದಕ್ಕೂ ಇದೇ ನಿಯಮ. ಗೋಡೆಗೆ ಮಾತು ಬಡಿದು ವಾಪಸು ಬರುತ್ತಿದ್ದರೆ ಕ್ಯಾಮೆರಾಗೆ ಕಾಣದ ಬದಿಯಲ್ಲಿ ದಪ್ಪ ಕಂಬಳಿ ನೇತುಹಾಕಿ. ಮೈಕು ಮಾತಾಡುವವರಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು, ಚೌಕಟ್ಟಿನ ಅಂಚಿನವರೆಗೂ ತನ್ನಿ. ಕಾಲರ್ ಮೈಕ್ ಹಾಕುವುದಾದರೆ ಬಟ್ಟೆ ನೋಡಿ ಹಾಕಿ. ದೊಡ್ಡಪ್ಪ ಗಂಜಿ ಹಾಕಿದ ಖಾದಿ ಅಂಗಿ ತೊಟ್ಟರೆ ಮಾತಿಗಿಂತ ಅಂಗಿಯ ಸರಸರ ಸದ್ದೇ ಜಾಸ್ತಿ ಬರುತ್ತದೆ. ನಾಲ್ಕು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆ ಬೆಸ್ಟ್. ಚಿಕ್ಕಮ್ಮನ ಬಳೆ ಸದ್ದು ಬೇಕಾ ಬೇಡವಾ ಮೊದಲೇ ತೀರ್ಮಾನಿಸಿ. ಬೇಕು ಅಂದರೆ ಎಲ್ಲ ಸೀನಲ್ಲೂ ಇರಲಿ.

32 ಬಿಟ್ ಫ್ಲೋಟ್ ಇರುವ ರೆಕಾರ್ಡರ್ ಸಿಕ್ಕರೆ ಅದನ್ನೇ ಬಾಡಿಗೆಗೆ ತನ್ನಿ. ಪಿಸುಮಾತಿನಿಂದ ಒಮ್ಮೆಲೇ ಕೂಗಾಟಕ್ಕೆ ಹೋದರೂ ಮಾತು ಒಡೆಯುವುದಿಲ್ಲ. ಮನೆಯವರು ರಿಹರ್ಸಲಲ್ಲಿ ಮೆಲ್ಲಗೆ ಹೇಳಿದ್ದನ್ನು ಟೇಕಲ್ಲಿ ಗಟ್ಟಿಯಾಗಿ ಹೇಳುತ್ತಾರೆ, ಅದಕ್ಕೇ ಇದು ನಿಮಗೆ ಮುಖ್ಯ. ಪ್ರತಿ ಟೇಕಿಗೂ ಕ್ಲಾಪ್ ಹೊಡೆಯಿರಿ, ಬೋರ್ಡ್ ಇಲ್ಲದಿದ್ದರೆ ಕೈಚಪ್ಪಾಳೆ ಸಾಕು, ಸೀನು ನಂಬರ್ ಬಾಯಲ್ಲಿ ಹೇಳಿ. ಜಾಗ ಬಿಡುವ ಮುಂಚೆ ಎಲ್ಲರನ್ನೂ ಒಂದು ನಿಮಿಷ ಅಲುಗಾಡದೆ ನಿಲ್ಲಿಸಿ ಆ ಕೋಣೆಯ ಬರೀ ಮೌನ ರೆಕಾರ್ಡ್ ಮಾಡಿಕೊಳ್ಳಿ. ಮಾತಿನ ನಡುವಿನ ಸಂದು ಮುಚ್ಚಲು ಅದೇ ಬೇಕು.

ಮತ್ತೆ ನಿಮ್ಮ ಕತೆಯಲ್ಲೇ ಒಂದು ಸದ್ದು ಕೂತಿದೆ. ಒಣಗಿದ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಚಿಪ್ಪಿಗೆ ಬಡಿದು ಲೊಟಲೊಟ ಅನ್ನುತ್ತದಲ್ಲ, ಅದನ್ನು ರಾತ್ರಿ ಎಲ್ಲ ಮಲಗಿದ ಮೇಲೆ ಹತ್ತಿರದಿಂದ, ಬೇರೆ ಬೇರೆ ಕಾಯಿ ತೆಗೆದುಕೊಂಡು ರೆಕಾರ್ಡ್ ಮಾಡಿ. ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ತಮ್ಮ ಕದ್ದು ಅಟ್ಟ ಹತ್ತಿ ನೋಡುವ ಸೀನು ಇಲ್ಲದಿದ್ದರೆ ಬರೆಯಿರಿ. ಕೆಳಗೆ ಮಲಗಿದ ಅಣ್ಣನಿಗೆ ಆ ಸದ್ದು ಕೇಳಿಸಿದರೆ ಸಾಕು, ಮಾತೇ ಬೇಡ.

ತಿಪಟೂರು ಹುಡುಗ

ಅಣ್ಣಾ, ಆ ಸೀನು ಇರಲಿಲ್ಲ. ಈಗ ಇರುತ್ತದೆ. ನಮ್ಮಲ್ಲಿ ಹಾಗೆ ಒಣಗಿದ ಕಾಯಿಗೆ ಗಿಟಕು ಅನ್ನುತ್ತೇವೆ, ಅಜ್ಜಿ ಸದ್ದಿನಲ್ಲೇ ಹೇಳಿಬಿಡುತ್ತಾರೆ ಇದಕ್ಕೆ ಇನ್ನೂ ಎರಡು ತಿಂಗಳು ಬೇಕು ಅಂತ. ತುಂಬಾ ಥ್ಯಾಂಕ್ಸ್.

ಫೋನು ಅಂದರೆ, ಅಣ್ಣನ ಹತ್ತಿರ ಒಂದು ಹೊಸ ಐಫೋನ್ ಇದೆ. ಗೆಳೆಯನ ಹತ್ತಿರ ಹಳೇ ಡಿಎಸ್‌ಎಲ್‌ಆರ್ ಇದೆ. ಯಾವುದು?

ಎಡಿಟಿಂಗ್ ಟೇಬಲ್

ಫೋನೇ ಸಾಕು. ಆದರೆ ಅದನ್ನು ಕ್ಯಾಮೆರಾ ತರಹ ಬಳಸಬೇಕು. ಫೋನಿನ ಜೊತೆ ಬಂದಿರುವ ಆ್ಯಪ್‌ನಲ್ಲಿ ತೆಗೆಯಬೇಡಿ, ಅದು ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದನ್ನು, ತನಗೆ ಬೇಕಾದ ಹಾಗೆ ಏರಿಳಿಸುತ್ತದೆ. ಬೇರೆ ರೆಕಾರ್ಡರಿನಲ್ಲಿ ಬಂದ ಸೌಂಡನ್ನು ಅದರ ಜೊತೆ ಕೂಡಿಸಿದರೆ ಶುರುವಿಗೆ ಸರಿ ಇರುತ್ತದೆ, ಹೋಗ್ತಾ ಹೋಗ್ತಾ ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅಂತ ಉಚಿತ ಆ್ಯಪ್ ಇದೆ, ಅದನ್ನು ಹಾಕಿ. ಫ್ರೇಮ್ ರೇಟ್ 24 ಅಥವಾ 25, ಒಂದನ್ನು ಆರಿಸಿ ಕೊನೆವರೆಗೂ ಬದಲಾಯಿಸಬೇಡಿ. ಶಟರ್, ಅಂದರೆ ಒಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬು ಕೆಲವು ಆಗಲೂ ಮಿಣುಕುತ್ತವೆ, ಶೂಟಿಂಗಿಗೆ ಮುಂಚೆ ಪ್ರತಿ ಕೋಣೆಯಲ್ಲೂ ಟೆಸ್ಟ್ ಮಾಡಿ, ಮಿಣುಕುವುದನ್ನು ಬದಲಾಯಿಸಿ. ಫೋಕಸ್, ಬಣ್ಣ, ಬೆಳಕು ಮೂರನ್ನೂ ಲಾಕ್ ಮಾಡಿ. ಹೊರಗೆ ಬಿಸಿಲಲ್ಲಿ 1/50 ಇಟ್ಟರೆ ಎಲ್ಲ ಬೆಳ್ಳಗಾಗುತ್ತದೆ, ಅದಕ್ಕೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು, ಫೋನಿಗೆ ಸಿಕ್ಕಿಸುವುದು ಸಿಗುತ್ತದೆ.

ಲೈಟು ಬಾಡಿಗೆಗೆ ತರುವ ಮುಂಚೆ ಬೆಳಕು ತಿರುಗಿಸಲು ಎರಡು ದೊಡ್ಡ ಥರ್ಮಾಕೋಲ್ ಶೀಟ್, ಮೆತ್ತಗೆ ಮಾಡಲು ಒಂದು ರೋಲ್ ಬಟರ್ ಪೇಪರ್, ತಡೆಯಲು ಕಪ್ಪು ಬಟ್ಟೆ ತನ್ನಿ. ಹಳೇ ಮನೆಯಲ್ಲಿ ಬೆಳಕು ಬರುವ ಕಿಟಕಿ ಯಾವುದು ಅಂತ ನಿಮಗೇ ಗೊತ್ತಿರುತ್ತದೆ. ಅಟ್ಟದಲ್ಲಿ ಗಾಜಿನ ಹೆಂಚು ಇದ್ದರೆ ಬೆಳಕಿನ ಕೋಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ನೋಡಿಕೊಂಡು ಸೀನು ಇಡಿ.

ಈಗ ಲೆಕ್ಕ. ತೊಂಬತ್ತು ನಿಮಿಷದ ಸಿನಿಮಾಗೆ ಎಂಟು ಪಟ್ಟು ತೆಗೆದರೂ 720 ನಿಮಿಷ ಆಗುತ್ತದೆ. ಐಫೋನಲ್ಲಿ 4ಕೆ ಪ್ರೋರೆಸ್, ಅಂದರೆ ಹೆಚ್ಚು ಕುಗ್ಗಿಸದ ವಿಡಿಯೋ ಬಗೆ, ಆರಿಸಿದರೆ 30 ಫ್ರೇಮಿನಲ್ಲಿ ನಿಮಿಷಕ್ಕೆ ಸುಮಾರು 6 ಜಿಬಿ, ಒಟ್ಟು ನಾಲ್ಕು ಟಿಬಿ ದಾಟುತ್ತದೆ. ಅದೇ ಚೆನ್ನಾಗಿ ಕುಗ್ಗಿಸುವ ಹೆಚ್‌ಇವಿಸಿ ಬಗೆಯಲ್ಲಿ ನಿಮಿಷಕ್ಕೆ ಸುಮಾರು 170 ಎಂಬಿ, ಒಟ್ಟು 125 ಜಿಬಿ ಒಳಗೇ. ಬಣ್ಣ ತಿದ್ದುವಾಗ ಪ್ರೋರೆಸ್ ಚೆನ್ನಾಗಿ ಬಗ್ಗುತ್ತದೆ, ನಿಜ. ನಿಮ್ಮ ಬಜೆಟ್ಟಿಗೆ ಹೆಚ್‌ಇವಿಸಿಯನ್ನೇ ಆ್ಯಪ್‌ನಲ್ಲಿ ಸ್ವಲ್ಪ ಹೆಚ್ಚಿನ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಉಳಿಸುವ ಡೇಟಾ) ತೆಗೆಯಿರಿ ಅನ್ನುತ್ತೇನೆ. ಉಳಿದ ದುಡ್ಡಲ್ಲಿ ಎರಡು ಹಾರ್ಡ್ ಡಿಸ್ಕ್ ಕೊಳ್ಳಿ. ಪ್ರತಿ ರಾತ್ರಿ ಎರಡಕ್ಕೂ ಕಾಪಿ ಆಗಬೇಕು, ಎರಡೂ ಒಂದೇ ಮನೆಯಲ್ಲಿ ಇರಬಾರದು. ಕಾಪಿ ಆದದ್ದನ್ನು ತೆರೆದು ನೋಡದೆ ಫೋನಲ್ಲಿ ಅಳಿಸಬಾರದು. ಈ ಕೆಲಸ ಒಬ್ಬರಿಗೆ ವಹಿಸಿ, ನಟಿಸುವವರಿಗೆ ಬೇಡ. ಕ್ಲಿಪ್ಪುಗಳನ್ನು ವಾಟ್ಸಾಪಲ್ಲಿ ಕಳಿಸಿಕೊಂಡು ಅದನ್ನೇ ಎಡಿಟ್ ಮಾಡಬೇಡಿ, ಅದು ಕುಗ್ಗಿಸಿಬಿಡುತ್ತದೆ. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿಯೇ ಸಾಕು.

ಹಾಸನದ ಸಿನಿಪ್ರೇಮಿ

ಸೌಂಡಿನವರಿಗೆ ಒಂದು ಪ್ರಶ್ನೆ. ಇಷ್ಟೆಲ್ಲ ಯಾಕೆ ಕಷ್ಟ? ಕನ್ನಡದಲ್ಲಿ ಎಷ್ಟೋ ಸಿನಿಮಾ ಡಬ್ಬಿಂಗಲ್ಲೇ ಆಗುತ್ತದೆ. ಲೊಕೇಶನಲ್ಲಿ ಬರೀ ಪೈಲಟ್, ಅಂದರೆ ಗುರುತಿಗೆ ಬೇಕಾದಷ್ಟು ಕಚ್ಚಾ ಸೌಂಡ್, ತೆಗೆದುಕೊಂಡು ಆಮೇಲೆ ಸ್ಟುಡಿಯೋದಲ್ಲಿ ಮಾತು ಕೂರಿಸಿದರೆ ಮೋಟರು, ಫ್ರಿಜ್ಜು ಯಾವುದರ ಚಿಂತೆಯೂ ಇರುವುದಿಲ್ಲ. ಶೂಟಿಂಗ್ ವೇಗವಾಗಿಯೂ ಆಗುತ್ತದೆ.

ಬೂಮ್ ಹಿಡಿಯುವವನು

ವೃತ್ತಿ ನಟರಿದ್ದರೆ ನಿಮ್ಮ ಮಾತು ಸರಿ. ಇಲ್ಲಿ ಇಲ್ಲ. ಡಬ್ಬಿಂಗ್ ಅನ್ನುವುದೇ ಒಂದು ಬೇರೆ ವಿದ್ಯೆ. ಕತ್ತಲೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ತಮ್ಮದೇ ತುಟಿ ನೋಡುತ್ತಾ, ಆರು ತಿಂಗಳ ಹಿಂದೆ ಅಂಗಳದಲ್ಲಿ ಆಡಿದ ಮಾತನ್ನು ಅದೇ ವೇಗ ಅದೇ ಸಿಟ್ಟಿನಲ್ಲಿ ಮತ್ತೆ ಆಡಬೇಕು. ಅಜ್ಜಿಯನ್ನು ಅದಕ್ಕೆ ಬೆಂಗಳೂರಿಗೆ ಕರೆದುಕೊಂಡು ಬರುವುದೇ? ಮೇಲೆ ರಂಗದ ಮನೆ ಮೇಡಂ ಹೇಳಿದ ಹಾಗೆ ಮಾತನ್ನು ಅವರಿಗೇ ಬಿಟ್ಟರೆ ಅದು ಬರೆದಿಟ್ಟ ಮಾತಲ್ಲ, ಮತ್ತೆ ಅದೇ ಥರ ಬರುವುದೂ ಇಲ್ಲ. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕ, ಅದು ಬೇರೆ.

ಮಧ್ಯದ ದಾರಿ ಒಂದಿದೆ. ಟೇಕ್ ಚೆನ್ನಾಗಿ ಬಂತು ಆದರೆ ಹಿಂದೆ ಟ್ರ್ಯಾಕ್ಟರ್ ಹೋಯಿತು ಅಂದುಕೊಳ್ಳಿ. ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ, ಕ್ಯಾಮೆರಾ ಇಲ್ಲದೆ ಆ ಮಾತನ್ನು ಮೈಕಿಗೆ ಎರಡು ಸಲ ಹೇಳಿಸಿಕೊಳ್ಳಿ. ಬಾಯಲ್ಲಿ ಇನ್ನೂ ಬಿಸಿ ಇರುತ್ತದೆ, ಹತ್ತಿರ ಹತ್ತಿರ ಹಾಗೇ ಬರುತ್ತದೆ.

ಲೆಕ್ಕದ ಪುಸ್ತಕ

ಪ್ರೊಡಕ್ಷನ್ ಕಡೆ ಕೆಲಸ ಮಾಡುವವಳು ನಾನು. ಇಷ್ಟು ಹೊತ್ತು ಯಾರೂ ಊಟದ ಮಾತೇ ಎತ್ತಿಲ್ಲ.

ಈ ಥರದ ಸಿನಿಮಾದಲ್ಲಿ ನಾನು ಪದೇ ಪದೇ ನೋಡುವುದು ಇದನ್ನು. ಹುಡುಗರು ಕ್ಯಾಮೆರಾ, ಡ್ರೋನ್ ಅಂತ ಓಡಾಡುತ್ತಿರುತ್ತಾರೆ. ಅಡುಗೆಮನೆಯಲ್ಲಿ ಅತ್ತೆ, ಚಿಕ್ಕಮ್ಮ ಹದಿನೈದು ಜನಕ್ಕೆ ದಿನಕ್ಕೆ ಮೂರು ಹೊತ್ತು ಬೇಯಿಸುತ್ತಿರುತ್ತಾರೆ. ಅವರ ಹೆಸರು ಟೈಟಲ್ ಕಾರ್ಡಿನಲ್ಲೂ ಇರುವುದಿಲ್ಲ. ನಿಮ್ಮ ಚಿಕ್ಕಮ್ಮ ಪಾತ್ರವನ್ನೂ ಮಾಡುತ್ತಾರೆ ಅಂತೀರಿ. ಬೆಳಗ್ಗೆ ಐದಕ್ಕೆ ಎದ್ದು ಇಡ್ಲಿ ಬೇಯಿಸಿದವರು ಹತ್ತಕ್ಕೆ ಕ್ಯಾಮೆರಾ ಮುಂದೆ ನಿಂತರೆ ಮುಖದಲ್ಲಿ ಏನು ಉಳಿದಿರುತ್ತದೆ? ಊರಲ್ಲಿ ಮದುವೆಗೆ, ದೇವರ ಕಾರ್ಯಕ್ಕೆ ಅಡುಗೆ ಮಾಡುವವರು ಇರುತ್ತಾರೆ. ಅವರನ್ನು ದಿನಗೂಲಿಗೆ ಗೊತ್ತುಮಾಡಿ. ಇದು ನಿಮ್ಮ ಬಜೆಟ್ಟಿನ ಮೊದಲ ಸಾಲು ಆಗಬೇಕು.

ಮೂರು ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತೇನೆ. ಊಟ, ಕಾಫಿಗೆ 60 ಸಾವಿರ. ಸೌಂಡ್ ಬಾಡಿಗೆ ಮತ್ತು ಸೌಂಡ್ ಗೊತ್ತಿರುವ ಒಬ್ಬರ ಸಂಬಳಕ್ಕೆ 70. ಓಡಾಟಕ್ಕೆ 30. ಲೈಟು, ಸ್ಟ್ಯಾಂಡು, ಥರ್ಮಾಕೋಲ್ ಇತ್ಯಾದಿ 20. ಹಾರ್ಡ್ ಡಿಸ್ಕ್ 20. ಕೊನೆಗೆ ಸೌಂಡ್ ಮಿಕ್ಸಿಂಗ್, ಬಣ್ಣಕ್ಕೆ 60. ಉಳಿದ 40 ಸಾವಿರವನ್ನು ಮುಟ್ಟಬಾರದು. ಮಳೆ ಬಂದು ಒಂದು ದಿನ ಹೋಗುತ್ತದೆ, ಯಾರಿಗೋ ಜ್ವರ ಬರುತ್ತದೆ, ಆಗ ಬೇಕು. ಶೂಟಿಂಗಿಗೇ ಎಲ್ಲ ಸುರಿದು ಮಿಕ್ಸಿಂಗಿಗೆ ದುಡ್ಡಿಲ್ಲದೆ ಹಾರ್ಡ್ ಡಿಸ್ಕಿನಲ್ಲೇ ಕೂತಿರುವ ಸಿನಿಮಾ ಬೇಕಾದಷ್ಟಿವೆ.

ಬರೆದಿಟ್ಟುಕೊಳ್ಳಬೇಕಾ ಅಂತ ಕೇಳಿದಿರಿ. ಖಂಡಿತ. ಮನೆಯವರು ಅಂತಲೇ ಬರೆಯಬೇಕು. ಯಾರು ಎಷ್ಟು ಹಾಕಿದರು, ಅದು ವಾಪಸು ಬರದಿದ್ದರೂ ಪರವಾಗಿಲ್ಲವಾ, ಬಂದರೆ ಯಾರಿಗೆ ಎಷ್ಟು ಪಾಲು, ನಿರ್ಮಾಪಕ ಅಂತ ಯಾರ ಹೆಸರು. ಈ ಕೊನೆಯದು ಸಣ್ಣ ವಿಷಯ ಅಲ್ಲ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕ, ನಿರ್ದೇಶಕ ಅಲ್ಲ. ಗೆಳೆಯರಿಬ್ಬರು ಬಿಟ್ಟಿ ಕೆಲಸ ಮಾಡುತ್ತಿದ್ದರೆ ಅವರ ಪಾಲು, ಅವರ ಕ್ರೆಡಿಟ್ಟೂ ಅದೇ ಹಾಳೆಯಲ್ಲಿ ಇರಲಿ. ನಟಿಸುವ ಪ್ರತಿಯೊಬ್ಬರಿಂದಲೂ ಒಪ್ಪಿಗೆ ಪತ್ರ, ಕನ್ನಡದಲ್ಲಿ, ಅರ್ಧ ಪುಟ, ಓದಿ ಹೇಳಿ ಸಹಿ ಹಾಕಿಸಿ. ದಿನದ ಖರ್ಚು ಒಬ್ಬರೇ ಬರೆಯಲಿ, ಎಲ್ಲರೂ ನೋಡುವ ಹಾಗೆ ಇರಲಿ.

ಹಾಡಿನ ವಿಷಯದಲ್ಲಿ ಹುಷಾರು. ಸೀನಿನಲ್ಲಿ ಹಿಂದೆ ರೇಡಿಯೋದಲ್ಲಿ ಹಳೇ ಚಿತ್ರಗೀತೆ ಓಡುತ್ತಿದ್ದರೂ ಅದಕ್ಕೆ ಹಕ್ಕು ಪಡೆಯಬೇಕು. ಕವಿ ತೀರಿಕೊಂಡು 60 ವರ್ಷ ಆಗುವವರೆಗೂ ಕವಿತೆಗೆ ಕಾಪಿರೈಟ್ ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಲೆಕ್ಕ ಹಾಕಿಕೊಳ್ಳಿ. ದಾಸರ ಪದದ ಸಾಹಿತ್ಯಕ್ಕೆ ತೊಂದರೆ ಇಲ್ಲ, ಆದರೆ ಯಾರೋ ಹಾಡಿದ ರೆಕಾರ್ಡಿಂಗ್ ಎತ್ತಿ ಹಾಕುವ ಹಾಗಿಲ್ಲ. ಅಜ್ಜಿಗೆ ಸೋಬಾನೆ ಪದ, ಬೀಸುವ ಪದ ಬರುತ್ತಾ ಕೇಳಿ. ಅವರೇ ಹಾಡಿದರೆ ಅದಕ್ಕಿಂತ ಒಳ್ಳೆಯ ಸಂಗೀತ ನಿಮ್ಮ ಸಿನಿಮಾಗೆ ಸಿಗುವುದಿಲ್ಲ.

ಹಟ್ಟಿಯ ಹಸು, ನಾಯಿ, ಎತ್ತಿನಗಾಡಿ ಇದೆಯಾ? ಥಿಯೇಟರಿಗೆ ಹೋಗುವ ಆಲೋಚನೆ ಇದ್ದರೆ ಪ್ರಾಣಿ ಬಳಸುವ ಮುಂಚೆಯೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಸೆನ್ಸಾರಿನವರು ಅದರ ಪತ್ರ ಕೇಳುತ್ತಾರೆ. ನಿಮ್ಮದೇ ಹಸು ಆದರೂ ಅಷ್ಟೇ. ಕತೆಗೆ ಬೇಡದಿದ್ದರೆ ಚೌಕಟ್ಟಿನಿಂದ ಹೊರಗಿಡಿ. ದೊಡ್ಡಪ್ಪ ಬೀಡಿ ಸೇದುವ ಸೀನು ಇದ್ದರೆ ಸಿನಿಮಾದ ಶುರುವಲ್ಲಿ, ಮಧ್ಯದಲ್ಲಿ ತಂಬಾಕಿನ ಎಚ್ಚರಿಕೆ ಹಾಕಬೇಕು, ಸೇದುವಾಗ ಕೆಳಗೆ ಅಕ್ಷರವೂ ಬರಬೇಕು. ಬೇಕಾ ಅಂತ ಯೋಚಿಸಿ.

ತಿಪಟೂರು ಹುಡುಗ

ಅಕ್ಕಾ, ಅಡುಗೆಯವರ ವಿಷಯ ನಮ್ಮ ಲಿಸ್ಟಿನಲ್ಲಿ ಇರಲೇ ಇಲ್ಲ. ಇವತ್ತೇ ಸೇರಿಸಿದೆ. ಎಲ್ಲರಿಗೂ ನೌಕರಿ ಇದೆ, ಒಟ್ಟಿಗೆ ಇಪ್ಪತ್ತು ದಿನ ರಜೆ ಯಾರಿಗೂ ಸಿಗುವುದಿಲ್ಲ. ವಾರದ ಕೊನೆಯಲ್ಲಿ ಮಾತ್ರ ತೆಗೆದರೆ ನಡೆಯುತ್ತದಾ? ಮುಗಿದ ಮೇಲಿನ ದಾರಿಯನ್ನೂ ಯಾರಾದರೂ ಹೇಳಿ.

ಎಡಿಟಿಂಗ್ ಟೇಬಲ್

ನಡೆಯುತ್ತದೆ. ಹಾಲಿವುಡ್ ನಿರ್ದೇಶಕ ಕ್ರಿಸ್ಟೋಫರ್ ನೋಲನ್ 1998ರ ತಮ್ಮ ಮೊದಲ ಸಿನಿಮಾ ತೆಗೆದದ್ದು ಶನಿವಾರಗಳಲ್ಲೇ, ಒಂದು ವರ್ಷದಷ್ಟು ಕಾಲ, ಗೆಳೆಯರನ್ನು ಇಟ್ಟುಕೊಂಡು. ಎಲ್ಲರಿಗೂ ಕೆಲಸ ಇತ್ತು. ಫಿಲ್ಮ್ ದುಬಾರಿ ಅಂತ ಮೊದಲೇ ಚೆನ್ನಾಗಿ ರಿಹರ್ಸಲ್ ಮಾಡಿಕೊಂಡು ಒಂದೆರಡು ಟೇಕಿನಲ್ಲಿ ಮುಗಿಸುತ್ತಿದ್ದರು.

ನಿಮಗೆ ಇರುವ ಅಪಾಯ ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಎಲ್ಲ ಹೊಂದುವುದು. ಕತೆ ನಡೆಯುವುದು ಕೆಲವೇ ದಿನಗಳಲ್ಲಿ, ನೀವು ತೆಗೆಯುವುದು ತಿಂಗಳುಗಟ್ಟಲೆ. ಚಿಕ್ಕಪ್ಪನ ಗಡ್ಡ, ತಂಗಿಯ ಕೂದಲು, ತೋಟದ ಹುಲ್ಲಿನ ಬಣ್ಣ, ಅಟ್ಟದಲ್ಲಿ ಕಾಯಿ ಎಷ್ಟಿತ್ತು ಎಲ್ಲ ಬದಲಾಗುತ್ತದೆ. ಪ್ರತಿ ಸೀನು ಮುಗಿದಾಗ ತಲೆಯಿಂದ ಕಾಲಿನವರೆಗೆ ಫೋಟೋ ತೆಗೆದಿಟ್ಟುಕೊಳ್ಳಿ. ಪಾತ್ರದ ಬಟ್ಟೆ ಬೇರೆ ಟ್ರಂಕಿನಲ್ಲಿ ಬೀಗ ಹಾಕಿ ಇಡಿ, ಇಲ್ಲದಿದ್ದರೆ ದೊಡ್ಡಪ್ಪ ಅದೇ ಅಂಗಿಯಲ್ಲಿ ಗೊಬ್ಬರ ಹಾಕಲು ಹೋಗುತ್ತಾರೆ. ಅಟ್ಟದ ಸೀನುಗಳನ್ನು ನಿಜವಾಗಿ ಕೊಬ್ಬರಿ ಮಾರುವ ಮುಂಚೆ ಮುಗಿಸಲೇಬೇಕು. ಸಂತೆಯ ರೇಟು ನಿಮ್ಮ ಶೆಡ್ಯೂಲಿಗೆ ಕಾಯುವುದಿಲ್ಲ.

ಲೆಕ್ಕದ ಪುಸ್ತಕ

ಮುಗಿದ ಮೇಲೆ ಮೊದಲ ನಿಯಮ, ಯೂಟ್ಯೂಬಿಗೆ ಅವಸರದಲ್ಲಿ ಹಾಕಬೇಡಿ. ಬೇರೆಲ್ಲೂ ತೋರಿಸಿರದ ಸಿನಿಮಾವೇ ಬೇಕು ಅನ್ನುವ ಚಿತ್ರೋತ್ಸವಗಳು ತುಂಬಾ ಇವೆ. ಆನ್‌ಲೈನ್ ಬಂದರೆ ಆ ಬಾಗಿಲು ಮುಚ್ಚುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಮಾಡಿಸಿ, ತಿಪಟೂರು ಕಡೆ ಮಾತಿನ ರುಚಿ ಗೊತ್ತಿರುವವರ ಹತ್ತಿರವೇ ಮಾಡಿಸಿ. ಫಿಲ್ಮ್‌ಫ್ರೀವೇ ಅನ್ನುವ ವೆಬ್‌ಸೈಟ್ ಮೂಲಕ ಉತ್ಸವಗಳಿಗೆ ಅರ್ಜಿ ಹಾಕಬಹುದು, ಆದರೆ ಪ್ರತಿಯೊಂದಕ್ಕೂ ಫೀಸು ಕಟ್ಟುತ್ತಾ ಹೋದರೆ ದುಡ್ಡು ಕರಗುತ್ತದೆ, ಹೆಸರೇ ಕೇಳದ ಉತ್ಸವಗಳ ಪ್ರಶಸ್ತಿಗೆ ಬೆಲೆ ಇಲ್ಲ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ, ಕೇರಳದ್ದು, ಧರ್ಮಶಾಲಾದ್ದು, ಇವನ್ನು ನೋಡಿ. ಎಡಿಟ್ ಒಂದು ಹಂತಕ್ಕೆ ಬಂದಾಗ ಗೋವಾದ ಫಿಲ್ಮ್ ಬಜಾರ್‌ನಲ್ಲಿ ಇನ್ನೂ ಮುಗಿಯದ ಸಿನಿಮಾಗಳಿಗೆ ಅಂತಲೇ ಒಂದು ವಿಭಾಗ ಇದೆ, ಅಲ್ಲಿಗೂ ಕಳಿಸಿ.

ಥಿಯೇಟರ್ ಅಂದರೆ ಫಿಲ್ಮ್ ಚೇಂಬರಿನಲ್ಲಿ ಟೈಟಲ್ ನೋಂದಣಿ, ಆಮೇಲೆ ಬೆಂಗಳೂರಿನ ಸೆನ್ಸಾರ್ ಕಚೇರಿ. 72 ನಿಮಿಷ ದಾಟಿದರೆ ದೊಡ್ಡ ಚಿತ್ರದ ಲೆಕ್ಕ. ಅದರ ಮೇಲೆ ಡಿಸಿಪಿ (ಥಿಯೇಟರಿನಲ್ಲಿ ಓಡಿಸುವ ಡಿಜಿಟಲ್ ಪ್ರತಿ), ಥಿಯೇಟರ್ ಖರ್ಚು, ಪ್ರಚಾರ. ಈ ಮೂರು ಲಕ್ಷದಲ್ಲಿ ಅದು ಇಲ್ಲ, ಹಾಗಾಗಿ ಈಗ ತಲೆ ಕೆಡಿಸಿಕೊಳ್ಳಬೇಡಿ. 2013ರ ‘ಲೂಸಿಯಾ’ಗೆ ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರಿಂದ ಸುಮಾರು 51 ಲಕ್ಷ ಕೂಡಿಸಿದರು, ಸಿನಿಮಾ ಬಿಡುಗಡೆಯೂ ಆಯಿತು. ಹಾಗಂತ ಅಷ್ಟು ಜನ ದುಡ್ಡು ಹಾಕಿದರೆ ಅಷ್ಟು ಜನಕ್ಕೆ ಲೆಕ್ಕ ಒಪ್ಪಿಸಬೇಕು. ಸಿನಿಮಾ ಕೈಯಲ್ಲಿ ಇದ್ದು, ಚೆನ್ನಾಗಿದೆ ಅಂತ ಹೊರಗಿನವರು ನಾಲ್ಕು ಜನ ಹೇಳಿದ ಮೇಲೆ ಹಣ ಕೇಳುವುದು ಸುಲಭ.

ತಿಪಟೂರು ಹುಡುಗ

ಕೊನೆಯದಾಗಿ ಎರಡು. ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಅವರನ್ನು ಎಷ್ಟು ಹೊತ್ತು ಕೂರಿಸಬಹುದು? ಮತ್ತೆ ದೊಡ್ಡಪ್ಪ ದುಡ್ಡು ಬೇಡ ಅನ್ನುತ್ತಿದ್ದಾರೆ. ಕೊಡಲೇಬೇಕಾ?

ರಂಗದ ಮನೆ

ಅಜ್ಜಿಯ ಸೀನುಗಳನ್ನೆಲ್ಲ ಶೆಡ್ಯೂಲಿನ ಮೊದಲಿಗೇ ಇಡಿ. ಬೆಳಗ್ಗೆ ತಿಂಡಿ ಆದ ಮೇಲೆ ಎರಡು ಗಂಟೆ, ಅಷ್ಟೇ. ಮಧ್ಯಾಹ್ನ ಊಟ ಮಾಡಿ ಮಲಗಲಿ, ಸಂಜೆ ಅವರನ್ನು ಎಬ್ಬಿಸಬೇಡಿ. ಅವರು ದಿನಾ ಕೂರುವ ಜಾಗದಲ್ಲೇ ಸೀನು ಇಟ್ಟುಕೊಳ್ಳಿ, ಕ್ಯಾಮೆರಾ ಅವರ ಹತ್ತಿರ ಹೋಗಲಿ. ಅಳುವ ಸೀನು, ಸಾಯುವ ಸೀನು ಇದ್ದರೆ ಅವರಿಗೆ ಮೊದಲೇ ಪೂರ್ತಿ ಕತೆ ಹೇಳಿ, ಇಷ್ಟವಿಲ್ಲ ಅಂದರೆ ಆ ಸೀನು ತೆಗೆದುಹಾಕಿ. ಅದಕ್ಕೆ ಎರಡನೇ ಮಾತು ಬೇಡ.

ಲೆಕ್ಕದ ಪುಸ್ತಕ

ದೊಡ್ಡಪ್ಪ ಬೇಡ ಅನ್ನುವುದು ಸಹಜ, ತಮ್ಮನ ಮಗನ ಹತ್ತಿರ ದುಡ್ಡು ತೆಗೆದುಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಅವರು ಕ್ಯಾಮೆರಾ ಮುಂದೆ ಕೂತ ದಿನ ತೋಟದ ಕೆಲಸ ನಿಲ್ಲುತ್ತದೆ. ಆ ದಿನಗಳಿಗೆ ಒಂದು ಆಳಿನ ಕೂಲಿ ನೀವು ಕೊಡಿ. ಅದನ್ನು ಬೇಡ ಅನ್ನುವುದಿಲ್ಲ. ನೀರು ಹಾಯಿಸುವುದು, ಹಾಲು ಕರೆಯುವುದು, ಡೇರಿಗೆ ಹಾಕುವುದು ಯಾರು ಮಾಡುತ್ತಾರೆ ಅಂತ ಶೆಡ್ಯೂಲ್ ಹಾಳೆಯಲ್ಲೇ ಒಂದು ಕಾಲಂ ಮಾಡಿ ಬರೆಯಿರಿ. ಹಿಂದಿನ ರಾತ್ರಿ ಆ ಕಾಲಂ ತುಂಬಿಲ್ಲದಿದ್ದರೆ ಮರುದಿನ ಶೂಟಿಂಗ್ ಇಡಬೇಡಿ.